ಗೆರೆಯ ಮೇಲಿನ ಚೆಂಡು

(ಸ್ಯಾಂಡ್ರಿಂಗಮ್‌ನಲ್ಲಿ ಕೂಟದ ಕುಟುಂಬಗಳ ಸಮ್ಮುಖದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಕುಂಟೆಬಿಲ್ಲೆ ಆಡಿ ಬೆಳೆದವರು ಈ ಸಭೆಯಲ್ಲಿ ಅನೇಕರಿದ್ದೀರಿ. ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ಗೆರೆ ಎಳೆದು, ಹೆಂಚಿನ ಚೂರನ್ನು ಬಿಲ್ಲೆ ಮಾಡಿಕೊಂಡು, ಒಂಟಿಕಾಲಿನಲ್ಲಿ ಮನೆಯಿಂದ ಮನೆಗೆ ಹಾರುತ್ತಿದ್ದ ಆ ಆಟದಲ್ಲಿ ಕಾಲಿಗಿಂತ ಹೆಚ್ಚು ದಣಿಯುತ್ತಿದ್ದುದು ಬಾಯಿ. "ಗೆರೆ ತುಳಿದೆ" ಎಂದು ಒಬ್ಬಳು, "ತುಳಿಯಲೇ ಇಲ್ಲ" ಎಂದು ಇನ್ನೊಬ್ಬಳು. ಜಗಳ ಬಗೆಹರಿಯದಿದ್ದಾಗ ಜಗುಲಿಯ ಮೇಲೆ ಅಕ್ಕಿ ಆರಿಸುತ್ತ ಕುಳಿತ ಅಜ್ಜಿಯ ಬಳಿಗೆ ದೂರು ಹೋಗುತ್ತಿತ್ತು. ಅಜ್ಜಿ ಮೊರದಿಂದ ತಲೆಯೆತ್ತದೆ, "ನಾನು ನೋಡಲಿಲ್ಲ, ನೀವೇ ನೋಡಿಕೊಳ್ಳಿ" ಎನ್ನುತ್ತಿದ್ದರು. ಅದು ಜವಾಬ್ದಾರಿಯಿಂದ ನುಣುಚಿಕೊಳ್ಳುವ ಮಾತೆಂದು ಆಗ ನಮಗೆ ತೋರುತ್ತಿತ್ತು. ಹಾಗಲ್ಲವೆಂದು ತಿಳಿಯಲು ಬಹಳ ವರ್ಷಗಳೇ ಬೇಕಾದವು.

ಚರಿತ್ರೆಯ ವಿಷಯವೊಂದನ್ನು ಕುರಿತು ಮಾತನಾಡಬೇಕೆಂದು ಪದಾಧಿಕಾರಿಗಳು ಕೇಳಿದಾಗ ತಾವು ಹೊಯ್ಸಳರನ್ನೋ ವಿಜಯನಗರವನ್ನೋ ನಿರೀಕ್ಷಿಸಿರಬಹುದು. ನಾವು ಆರಿಸಿಕೊಂಡದ್ದು ಟೆನಿಸ್ ಅಂಕಣದಲ್ಲಿ ನ್ಯಾಯ ಹೇಳುವವರ ಚರಿತ್ರೆಯನ್ನು. ಇದಕ್ಕೆ ಕಾರಣವುಂಟು. ನಮ್ಮ ಮಕ್ಕಳಲ್ಲಿ ಹಲವರು ಶನಿವಾರ ಬೆಳಗ್ಗೆ ರ‍್ಯಾಕೆಟ್ಟು ಹೆಗಲಿಗೇರಿಸಿಕೊಂಡು ಕ್ಲಬ್ ಪಂದ್ಯಗಳಿಗೆ ಹೋಗುತ್ತಾರೆ. ಅಲ್ಲಿ ಎತ್ತರದ ಕುರ್ಚಿಯ ಮೇಲೆ ಯಾರೂ ಕುಳಿತಿರುವುದಿಲ್ಲ. ಚೆಂಡು ಒಳಗೆ ಬಿತ್ತೋ ಹೊರಗೆ ಬಿತ್ತೋ ಎಂಬುದನ್ನು ಹತ್ತು ಹನ್ನೆರಡು ವರ್ಷದ ಮಕ್ಕಳೇ, ತಮ್ಮ ಸೋಲುಗೆಲುವಿನ ನಡುವೆಯೇ, ಗಟ್ಟಿಯಾಗಿ ಹೇಳಬೇಕು. ಬೇಲಿಯ ಈಚೆ ತಂದೆತಾಯಿಗಳಾದ ನಾವಿರುತ್ತೇವೆ. ಈ ವ್ಯವಸ್ಥೆ ಹೇಗೆ ಹುಟ್ಟಿತು, ಏಕೆ ಉಳಿಯಿತು ಎಂಬುದನ್ನು ಅರಿಯದೆ ಅದರೊಳಗೆ ಮಕ್ಕಳನ್ನು ಕಳುಹಿಸುತ್ತಿದ್ದೇವೆಂದು ನಮಗೆ ಅನೇಕ ಸಲ ಅನ್ನಿಸಿದೆ.

ಮೊದಲು ನಾವು ಕುಳಿತಿರುವ ಈ ಊರಿನ ಹೆಸರಿನಿಂದಲೇ ಹೊರಡೋಣ. ಈ ಬಡಾವಣೆಗೆ ಹಿಂದೆ ಎಡೆನ್‌ಡೇಲ್ ಎಂದು ಹೆಸರಿತ್ತು. ಇಲ್ಲಿನ ಪ್ರಾಥಮಿಕ ಶಾಲೆ ಆ ಹೆಸರನ್ನು ಇಂದಿಗೂ ಉಳಿಸಿಕೊಂಡಿದೆ. 1920ರ ದಶಕದ ಕೊನೆಯಲ್ಲಿ ಇದು ಸ್ಯಾಂಡ್ರಿಂಗಮ್ ಆಯಿತು. ಮೂಲ ಸ್ಯಾಂಡ್ರಿಂಗಮ್ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತದಲ್ಲಿರುವ ಅರಸು ಮನೆತನದ ಎಸ್ಟೇಟು. 1895ರಲ್ಲಿ ಆ ಎಸ್ಟೇಟಿನಲ್ಲಿ ಹುಟ್ಟಿದ ಬಾಲಕನೊಬ್ಬ ಮುಂದೆ ಯಾರ್ಕಿನ ಡ್ಯೂಕ್ ಆದ. ಆಮೇಲೆ ಆರನೆಯ ಜಾರ್ಜ್ ದೊರೆಯಾದ. ಈತ 1926ರಲ್ಲಿ ವಿಂಬಲ್ಡನ್ ಪುರುಷರ ಡಬಲ್ಸ್‌ನಲ್ಲಿ ಲೂಯಿ ಗ್ರೇಗ್ ಎಂಬ ಜೊತೆಗಾರನೊಡನೆ ಆಡಿದ. ಎದುರಿಗಿದ್ದವರು ಹಿಂದಿನ ಚಾಂಪಿಯನ್ ಆರ್ಥರ್ ಗೋರ್ ಮತ್ತು ರೋಪರ್ ಬ್ಯಾರೆಟ್. ಒಬ್ಬರಿಗೆ 58 ವರ್ಷ, ಇನ್ನೊಬ್ಬರಿಗೆ 52. ಮುದುಕರಿಬ್ಬರೂ ಸೇರಿ ರಾಜಕುಮಾರನನ್ನು ನೇರ ಸೆಟ್‌ಗಳಲ್ಲಿ ಸೋಲಿಸಿ ಕಳುಹಿಸಿದರು. ಮರುವರ್ಷ ಆತ ಪತ್ನೀಸಮೇತನಾಗಿ ಆಕ್ಲೆಂಡಿಗೂ ಬಂದಿದ್ದ. ನಮಗೆ ಈ ಪಂದ್ಯದಲ್ಲಿ ಹಿಡಿಸುವುದು ಸೋಲಲ್ಲ. ಅರಸನ ಮಗನ ಚೆಂಡು ಗೆರೆಯಿಂದಾಚೆ ಬಿದ್ದರೆ ಅದನ್ನು "ಹೊರಗೆ" ಎಂದು ಎಲ್ಲರೆದುರಿಗೆ ಕೂಗುವ ಒಬ್ಬ ಸಾಮಾನ್ಯ ಮನುಷ್ಯ ಗೆರೆಯ ಬಳಿ ಇದ್ದನಲ್ಲ, ಅದು. ಆ ಕಾಲದ ಇಂಗ್ಲೆಂಡಿನಲ್ಲಿ ಇಂಥ ಅಧಿಕಾರ ಬೇರೆಲ್ಲಿ ಸಿಗುತ್ತಿತ್ತೋ ನಾವು ಕಾಣೆವು.

ಈ ಅಧಿಕಾರ ತಾನಾಗಿ ಬಂದದ್ದಲ್ಲ. ಮೇಜರ್ ವಿಂಗ್‌ಫೀಲ್ಡ್ ಎಂಬ ಸೇನಾಧಿಕಾರಿ 1874ರಲ್ಲಿ ಹುಲ್ಲಿನ ಮೇಲಾಡುವ ಹೊಸ ಆಟವೊಂದಕ್ಕೆ ಪೇಟೆಂಟ್ ಪಡೆದು, ಬಲೆ, ಗೂಟ, ರ‍್ಯಾಕೆಟ್ಟುಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಿದಾಗ ಅದು ತೋಟದ ಮನೆಗಳ ಸಂಜೆಯ ವಿನೋದವಾಗಿತ್ತು. ಚಹಾ ಕುಡಿಯುವ ನಡುವೆ ಆಡುವ ಆಟಕ್ಕೆ ಅಂಪೈರ್ ಏಕೆ? ಅತಿಥಿಯ ಮಾತನ್ನು ಆತಿಥೇಯ ಅನುಮಾನಿಸುವಂತಿರಲಿಲ್ಲ, ಅಷ್ಟೆ. 1877ರಲ್ಲಿ ವಿಂಬಲ್ಡನ್‌ನಲ್ಲಿ ಮೊದಲ ಪಂದ್ಯಾವಳಿ ನಡೆದಾಗ ಮಾತ್ರ, ಒಬ್ಬರನ್ನೊಬ್ಬರು ಅರಿಯದ 22 ಮಂದಿ ಒಂದೇ ಬಹುಮಾನಕ್ಕಾಗಿ ನಿಂತರು. ಆಗ ರೆಫರಿಯಾಗಿದ್ದವರು ಹೆನ್ರಿ ಜೋನ್ಸ್. ವೃತ್ತಿಯಿಂದ ವೈದ್ಯರು; ಆದರೆ ಅವರ ಖ್ಯಾತಿ ಇದ್ದುದು ಇಸ್ಪೀಟಿನಲ್ಲಿ. 'ಕ್ಯಾವೆಂಡಿಷ್' ಎಂಬ ಹೆಸರಿನಿಂದ ವ್ಹಿಸ್ಟ್ ಆಟದ ನಿಯಮಗಳ ಬಗ್ಗೆ ಬರೆದು ಇಂಗ್ಲೆಂಡಿಗೆಲ್ಲ ಪ್ರಮಾಣವಾಗಿದ್ದವರು ಅವರು. ಇಸ್ಪೀಟು ಬಲ್ಲವರಿಗೆ ಜಗಳದ ಸ್ವರೂಪ ಚೆನ್ನಾಗಿ ಗೊತ್ತಿರುತ್ತದೆ, ಅದನ್ನು ನಮ್ಮ ಕೂಟದ ಯುಗಾದಿ ಸಂಜೆಗಳಲ್ಲಿಯೂ ನೋಡಿದ್ದೇವೆ. ಜೋನ್ಸರು ಇತರ ಇಬ್ಬರೊಡನೆ ಸೇರಿ ಅಂದು ಬರೆದ ನಿಯಮಗಳ ಅಸ್ಥಿಪಂಜರದ ಮೇಲೆಯೇ ಇಂದಿನ ಟೆನಿಸ್ ನಿಂತಿದೆ.

ಅಂಪೈರ್ ಎಂಬ ಶಬ್ದದ ಹುಟ್ಟೂ ಸ್ವಾರಸ್ಯಕರ. ಹಳೆಯ ಫ್ರೆಂಚಿನಲ್ಲಿ 'ಸಮನಲ್ಲದವನು', ಎಂದರೆ ಇಬ್ಬರ ಜೋಡಿಗೆ ಸೇರದ ಬೆಸ ಮನುಷ್ಯ, ಎಂಬ ಅರ್ಥದ ಪದವದು; ಇಂಗ್ಲಿಷಿಗೆ ಬರುವಾಗ ಮೊದಲಿನ ಅಕ್ಷರವನ್ನು ಕಳೆದುಕೊಂಡಿತು. ನಮ್ಮ 'ಮಧ್ಯಸ್ಥ' ನಡುವೆ ನಿಂತವನು. ಅವರ ಅಂಪೈರ್ ಎರಡರಲ್ಲಿಯೂ ಸೇರದವನು. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ನಡುವೆ ನಿಂತವನಿಗೆ ಎರಡೂ ಕಡೆಯ ನಂಟಿರಬಹುದು, ಎರಡಕ್ಕೂ ಸೇರದವನಿಗೆ ಆ ನಂಟಿಲ್ಲ. ನಮ್ಮಂಥ ಸಣ್ಣ ಸಮುದಾಯದಲ್ಲಿ ಮಧ್ಯಸ್ಥರು ಸಿಗುತ್ತಾರೆ, ಅಂಪೈರ್ ಸಿಗುವುದು ಕಷ್ಟ. ಈ ಮಾತು ಮುಂದೆ ನಮಗೆ ಬೇಕಾಗುತ್ತದೆ.

ನ್ಯೂಜಿಲೆಂಡಿಗೆ ಆಟ ಬೇಗನೆ ಬಂತು. ಇಲ್ಲಿನ ರಾಷ್ಟ್ರೀಯ ಟೆನಿಸ್ ಸಂಸ್ಥೆ 1886ರಲ್ಲಿಯೇ ಸ್ಥಾಪನೆಯಾಯಿತು. ಕ್ರೈಸ್ಟ್‌ಚರ್ಚಿನ ಆಂಥೊನಿ ವೈಲ್ಡಿಂಗ್ 1910ರಿಂದ 1913ರವರೆಗೆ ನಾಲ್ಕು ವರ್ಷ ಸತತವಾಗಿ ವಿಂಬಲ್ಡನ್ ಗೆದ್ದು, 1915ರ ಮೇ ತಿಂಗಳಲ್ಲಿ ಫ್ರಾನ್ಸಿನ ಯುದ್ಧರಂಗದಲ್ಲಿ ಮಡಿದ. 1920ರ ಡಿಸೆಂಬರ್ 30ರಿಂದ ಹೊಸ ವರ್ಷದ ಮೊದಲ ದಿನದವರೆಗೆ ಡೇವಿಸ್ ಕಪ್ಪಿನ ಅಂತಿಮ ಹಣಾಹಣಿ ನಡೆದದ್ದು ನಮ್ಮ ಆಕ್ಲೆಂಡಿನ ಡೊಮೇನ್ ಮೈದಾನದಲ್ಲಿ. ನಾವು ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗಿ ಕೂರುವ ಅದೇ ಹುಲ್ಲು. ಅಮೆರಿಕದ ಬಿಲ್ ಟಿಲ್ಡೆನ್ ಮತ್ತು ಬಿಲ್ ಜಾನ್ಸ್‌ಟನ್ ಸೇರಿ ಆಸ್ಟ್ರಲೇಷ್ಯಾದ ನಾರ್ಮನ್ ಬ್ರೂಕ್ಸ್ ಮತ್ತು ಜೆರಾಲ್ಡ್ ಪ್ಯಾಟರ್‌ಸನ್‌ರನ್ನು 5-0ರಿಂದ ಸೋಲಿಸಿ ಕಪ್ಪನ್ನು ಕೊಂಡೊಯ್ದರು. ಮರುವರ್ಷ ಭಾರತವೂ ಮೊದಲ ಸಲ ಡೇವಿಸ್ ಕಪ್ಪಿಗೆ ಇಳಿದು ಪ್ಯಾರಿಸ್‌ನಲ್ಲಿ ಫ್ರಾನ್ಸನ್ನೇ ಸೋಲಿಸಿತೆಂಬುದನ್ನು ಮಕ್ಕಳಿಗೆ ಹೇಳಿಡಬೇಕು.

ಟಿಲ್ಡೆನ್‌ನ ಹೆಸರೆತ್ತಿದ್ದಕ್ಕೆ ಬೇರೆ ಕಾರಣವಿದೆ. ಗೆರೆಯ ತೀರ್ಪು ತಪ್ಪಾಗಿ ತನಗೆ ಅನುಕೂಲವಾಯಿತೆಂದು ಅನ್ನಿಸಿದರೆ ಆತ ಮುಂದಿನ ಪಾಯಿಂಟನ್ನು ಎಲ್ಲರಿಗೂ ಕಾಣುವಂತೆ ಬಿಟ್ಟುಕೊಡುತ್ತಿದ್ದ. ಪ್ರೇಕ್ಷಕರು ಚಪ್ಪಾಳೆ ತಟ್ಟುತ್ತಿದ್ದರು. ತನಗೆ ಪ್ರತಿಕೂಲವಾದರೆ ಸೊಂಟದ ಮೇಲೆ ಕೈಯಿಟ್ಟು ಗೆರೆಯ ತೀರ್ಪುಗಾರನನ್ನು ದಿಟ್ಟಿಸುತ್ತಿದ್ದ. ಇದನ್ನು ಕ್ರೀಡಾಮನೋಭಾವದ ಪರಮಾವಧಿಯೆಂದು ಹೊಗಳಿದವರುಂಟು. ನಮಗೆ ಹಾಗೆ ತೋರುವುದಿಲ್ಲ. ಬಿಟ್ಟುಕೊಟ್ಟ ಪಾಯಿಂಟು ಎದುರಾಳಿಗೆ ಸಂದಿತು, ಸರಿಯೇ. ಆದರೆ ಸಂಬಳವಿಲ್ಲದೆ ಬಿಸಿಲಿನಲ್ಲಿ ಬಾಗಿ ಕುಳಿತ ಒಬ್ಬ ಸ್ವಯಂಸೇವಕನ ಮರ್ಯಾದೆ ಮೂರು ಸಾವಿರ ಜನರ ಮುಂದೆ ಹೋಯಿತು.

ಇದರ ಪಕ್ಕದಲ್ಲಿ ಜರ್ಮನಿಯ ಗಾಟ್‌ಫ್ರೀಡ್ ಫಾನ್ ಕ್ರಾಮ್‌ನನ್ನು ಇಟ್ಟು ನೋಡಬೇಕು. 1935ರಲ್ಲಿ ಅಮೆರಿಕದ ವಿರುದ್ಧ ಡೇವಿಸ್ ಕಪ್ ಡಬಲ್ಸ್ ಪಂದ್ಯ. ಜರ್ಮನರಿಗೆ ಪಂದ್ಯ ಗೆಲ್ಲುವ ಪಾಯಿಂಟು. ಜೊತೆಗಾರ ಕಾಯ್ ಲುಂಡ್ ಹೊಡೆದ ಚೆಂಡು ಎದುರಾಳಿಗಳನ್ನು ದಾಟಿತು. ಗೆದ್ದೆವೆಂದೇ ಎಲ್ಲರೂ ತಿಳಿದರು. ಫಾನ್ ಕ್ರಾಮ್ ಅಂಪೈರ್ ಬಳಿ ಹೋಗಿ, ಜೊತೆಗಾರ ಹೊಡೆಯುವ ಮೊದಲು ಚೆಂಡು ತನ್ನ ರ‍್ಯಾಕೆಟ್ಟಿಗೆ ಸೋಕಿತ್ತೆಂದು ಹೇಳಿದ. ಅದನ್ನು ಬೇರಾರೂ ಕಂಡಿರಲಿಲ್ಲ. ಪಾಯಿಂಟು ಹೋಯಿತು, ಪಂದ್ಯವೂ ಹೋಯಿತು. ಟಿಲ್ಡೆನ್ ಕೊಟ್ಟದ್ದು ತಾನು ಊಹಿಸಿದ್ದನ್ನು. ಫಾನ್ ಕ್ರಾಮ್ ಕೊಟ್ಟದ್ದು ತನಗೊಬ್ಬನಿಗೇ ಗೊತ್ತಿದ್ದುದನ್ನು. ಮೊದಲನೆಯದು ಅಂಪೈರನ್ನು ಕೆಳಗಿಳಿಸುತ್ತದೆ, ಎರಡನೆಯದು ಅವನಿಗೆ ಸಾಕ್ಷಿಯಾಗುತ್ತದೆ.

ಅಂದಿನ ತೀರ್ಪುಗಾರರೆಲ್ಲ ಹವ್ಯಾಸಿಗಳು. ಶಾಲೆಯ ಮೇಷ್ಟ್ರುಗಳು, ಗುಮಾಸ್ತರು, ನಿವೃತ್ತ ಸೈನಿಕರು. 1964ರ ವಿಂಬಲ್ಡನ್‌ನಲ್ಲಿ ಏಬ್ ಸೀಗಲ್ ಮತ್ತು ಕ್ಲಾರ್ಕ್ ಗ್ರೇಬ್ನರ್ ಆಡುತ್ತಿದ್ದಾಗ ಡೊರೊತಿ ಕ್ಯಾವಿಸ್ ಬ್ರೌನ್ ಎಂಬ ತೀರ್ಪುಗಾರ್ತಿ ಗೆರೆಯ ಬಳಿಯ ಕುರ್ಚಿಯಲ್ಲಿಯೇ ನಿದ್ದೆಹೋದರು. ಆ ಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹರಿಕಥೆಯಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ತೂಕಡಿಸಿದವರು ಆ ತಾಯಿಯನ್ನು ಕ್ಷಮಿಸಿಯಾರು.

ಹಣ ಹರಿಯತೊಡಗಿದ ಮೇಲೆ ಇಂಥ ಕ್ಷಮೆಗೆ ಎಡೆಯಿಲ್ಲದಾಯಿತು. 1979ರ ಅಮೆರಿಕನ್ ಓಪನ್‌ನಲ್ಲಿ ಇಲಿ ನಸ್ತಾಸೆ ಮತ್ತು ಜಾನ್ ಮೆಕೆನ್ರೊ ನಡುವೆ ರಾತ್ರಿಯ ಪಂದ್ಯ. ನಸ್ತಾಸೆ ಆಡಲು ತಡಮಾಡಿದ, ವಾದಿಸಿದ. ಅಂಪೈರ್ ಫ್ರಾಂಕ್ ಹ್ಯಾಮಂಡ್ ನಿಯಮದಂತೆ ಮೊದಲು ಒಂದು ಪಾಯಿಂಟು, ಆಮೇಲೆ ಒಂದು ಗೇಮು ಕಿತ್ತುಕೊಂಡು, ಕಡೆಗೆ ಅವನನ್ನು ಪಂದ್ಯದಿಂದಲೇ ಹೊರಹಾಕಿದರು. ಪ್ರೇಕ್ಷಕರು ಬಿಯರ್ ಡಬ್ಬಿಗಳನ್ನು ಎಸೆದರು, ಅಂಕಣಕ್ಕೆ ಪೊಲೀಸರು ಬಂದರು. ಸಂಘಟಕರು ಮಾಡಿದ್ದೇನು? ನಸ್ತಾಸೆಯನ್ನು ಮರಳಿ ಆಟಕ್ಕಿಳಿಸಿ ಹ್ಯಾಮಂಡ್‌ರನ್ನು ಕುರ್ಚಿಯಿಂದ ಇಳಿಸಿದರು. ರೆಫರಿ ಮೈಕ್ ಬ್ಲಾಂಚರ್ಡ್ ಸ್ವತಃ ಕುರ್ಚಿಯೇರಿ ಪಂದ್ಯ ಮುಗಿಸಿದರು. ಅಂದು ಗಲಭೆ ತಣ್ಣಗಾದದ್ದು ನಿಜ. ಗದ್ದಲಕ್ಕೆ ಮಣಿದ ಪಂಚಾಯಿತಿಯ ಮುಂದೆ ಮಾರನೆಯ ದಿನ ಯಾವ ವ್ಯಾಜ್ಯ ನಿಲ್ಲುತ್ತದೆ ಎಂಬುದನ್ನು ಹಳ್ಳಿಯಿಂದ ಬಂದವರಿಗೆ ವಿವರಿಸಬೇಕಾಗಿಲ್ಲ.

ಇದಾದ ಎರಡೇ ವರ್ಷಕ್ಕೆ, 1981ರಲ್ಲಿ, ಅದೇ ಮೆಕೆನ್ರೊ ವಿಂಬಲ್ಡನ್‌ನ ಮೊದಲ ಸುತ್ತಿನಲ್ಲಿ ಅಂಪೈರ್ ಎಡ್ವರ್ಡ್ ಜೇಮ್ಸ್ ಮೇಲೆ ಹರಿಹಾಯ್ದದ್ದು ಲೋಕಪ್ರಸಿದ್ಧ. ನೀವು ತಮಾಷೆ ಮಾಡುತ್ತಿರಬೇಕು ಎಂಬರ್ಥದ ಆತನ ಕೂಗು ಇಂಗ್ಲಿಷಿನಲ್ಲಿ ಗಾದೆಯೇ ಆಗಿಹೋಗಿದೆ. ಆತನ ವಾದವನ್ನು ಮಾತ್ರ ಜನ ಮರೆತಿದ್ದಾರೆ. ಚೆಂಡು ಬಿದ್ದಾಗ ಗೆರೆಯ ಸುಣ್ಣ ಎದ್ದಿತು, ಆದ್ದರಿಂದ ಅದು ಒಳಗೆ ಬಿದ್ದಿತ್ತು ಎಂಬುದು ಅವನ ವಾದ. ಸಾಕ್ಷ್ಯದ ಮಾತು ಅದು. ಹೇಳಿದ ರೀತಿ ಮಾತ್ರ ಅಕ್ಷಮ್ಯ. ಆತನಿಗೆ 1,500 ಡಾಲರ್ ದಂಡ ಬಿತ್ತು, ಆ ವರ್ಷದ ಪ್ರಶಸ್ತಿಯೂ ಅವನಿಗೇ ಬಂತು. 1983ರಲ್ಲಿ ಅದೇ ವಿಂಬಲ್ಡನ್ ಫೈನಲ್‌ನಲ್ಲಿ ಆತ ಸೋಲಿಸಿದ್ದು ನಮ್ಮ ಆಕ್ಲೆಂಡಿನ ಕ್ರಿಸ್ ಲೂಯಿಸ್‌ನನ್ನು. ಕಡೆಗೆ 1990ರ ಜನವರಿಯಲ್ಲಿ, ಮೆಲ್ಬರ್ನ್‌ನಲ್ಲಿ, ಅಂಪೈರ್ ಜೆರಿ ಆರ್ಮ್‌ಸ್ಟ್ರಾಂಗ್ ಆತನನ್ನು ಪಂದ್ಯದ ನಡುವೆಯೇ ಹೊರಹಾಕಿದರು. ನಾಲ್ಕು ಹಂತಗಳಿದ್ದ ಶಿಕ್ಷೆ ಆ ವರ್ಷ ಮೂರಕ್ಕಿಳಿದಿತ್ತು: ಎಚ್ಚರಿಕೆ, ಒಂದು ಪಾಯಿಂಟಿನ ನಷ್ಟ, ಅನಂತರ ನೇರವಾಗಿ ಬಹಿಷ್ಕಾರ. ಇನ್ನೊಂದು ಹಂತ ಬಾಕಿಯಿದೆಯೆಂದು ತಿಳಿದು ಆತ ಬೈದಿದ್ದ. ಈ ಸಲ ಯಾರೂ ಅಂಪೈರ್‌ನನ್ನು ಕೆಳಗಿಳಿಸಲಿಲ್ಲ.

ಅತ್ತ ಯಂತ್ರಗಳೂ ಬರುತ್ತಿದ್ದವು. 1980ರಲ್ಲಿ ಸರ್ವಿಸ್ ಗೆರೆಗೆ ಅತಿಗೆಂಪು ಕಿರಣ ಹಾಯಿಸುವ ಸೈಕ್ಲಾಪ್ಸ್ ವಿಂಬಲ್ಡನ್‌ಗೆ ಬಂತು. 2004ರ ಅಮೆರಿಕನ್ ಓಪನ್‌ನಲ್ಲಿ ಸೆರೆನಾ ವಿಲಿಯಮ್ಸ್‌ಳ ಚೆಂಡೊಂದು ಸ್ಪಷ್ಟವಾಗಿ ಒಳಗೆ ಬಿದ್ದಿದ್ದರೂ, ಗೆರೆಯ ತೀರ್ಪನ್ನು ಬದಿಗೊತ್ತಿ ಅಂಪೈರ್ ಹೊರಗೆಂದದ್ದು ದೂರದರ್ಶನದಲ್ಲಿ ಮತ್ತೆ ಮತ್ತೆ ಪ್ರಸಾರವಾಯಿತು. ಎರಡು ವರ್ಷಗಳಲ್ಲಿ, 2006ರಲ್ಲಿ, ಅದೇ ಪಂದ್ಯಾವಳಿಗೆ ಹಾಕ್-ಐ ಬಂತು. ಆಸ್ಟ್ರೇಲಿಯನ್ ಓಪನ್ 2021ರಲ್ಲಿ ಗೆರೆಯ ತೀರ್ಪುಗಾರರನ್ನೆಲ್ಲ ಮನೆಗೆ ಕಳುಹಿಸಿತು. ಕೊಡಗಿನ ನಮ್ಮ ರೋಹನ್ ಬೋಪಣ್ಣ 2024ರಲ್ಲಿ, 43ರ ಹರೆಯದಲ್ಲಿ, ಮ್ಯಾಥ್ಯೂ ಎಬ್ಡನ್ ಜೊತೆ ಅಲ್ಲಿ ಡಬಲ್ಸ್ ಗೆದ್ದಾಗ ನಾವೆಲ್ಲ ಮನೆಮನೆಗಳಲ್ಲಿ ಕುಣಿದೆವು. ಆ ಅಂಕಣದಲ್ಲಿ "ಔಟ್" ಎಂದು ಕೂಗಿದ ದನಿ ಮನುಷ್ಯನದಾಗಿರಲಿಲ್ಲ. 2025ರಲ್ಲಿ ವಿಂಬಲ್ಡನ್ ಕೂಡ ಆ ದಾರಿ ಹಿಡಿಯಿತು. ಅದೇ ವರ್ಷ ಅಲ್ಲಿನ ಸೆಂಟರ್ ಕೋರ್ಟಿನಲ್ಲಿ ಅಂಕಣದ ಒಂದು ಭಾಗದ ಯಂತ್ರವನ್ನು ಕೈತಪ್ಪಿನಿಂದ ಆರಿಸಿಬಿಟ್ಟಿದ್ದರು. ಪಾವ್ಲ್ಯುಚೆಂಕೊವಾ ಎದುರಾಳಿಯ ಚೆಂಡು ಹೊರಗೆ ಬಿದ್ದರೂ ಯಂತ್ರ ಮೌನವಾಗಿತ್ತು, ಕುರ್ಚಿಯ ಮೇಲಿದ್ದ ಅಂಪೈರ್ ಪಾಯಿಂಟನ್ನು ಮರಳಿ ಆಡಿಸಿದರು. ನೂರಾರು ಕಣ್ಣುಗಳನ್ನು ಕಳುಹಿಸಿಕೊಟ್ಟ ಮೇಲೆ, ಇದ್ದ ಒಂದು ಜೊತೆ ಕಣ್ಣಿಗೆ ತಾನು ಕಂಡದ್ದನ್ನು ನಂಬುವ ಅಭ್ಯಾಸ ತಪ್ಪಿರಬೇಕು.

ಇಲ್ಲಿಯವರೆಗೆ ಹೇಳಿದ್ದು ದೊಡ್ಡವರ ಕಥೆ. ಶನಿವಾರದ ಅಂಕಣಕ್ಕೆ ಯಂತ್ರವೂ ಬಂದಿಲ್ಲ, ಕುರ್ಚಿಯೂ ಬಂದಿಲ್ಲ. ಅಲ್ಲಿ ಉಳಿದಿರುವುದು ಚಹಾ ಕೂಟದ ಕಾಲದ ಪದ್ಧತಿಯೇ: ಬಲೆಯ ನಿನ್ನ ಬದಿಗೆ ನೀನೇ ನ್ಯಾಯಾಧೀಶ. ಆದರೆ ಆ ನ್ಯಾಯಾಧೀಶನಿಗೆ ಅಂತಾರಾಷ್ಟ್ರೀಯ ನಿಯಮಾವಳಿ ಒಂದು ಕಟ್ಟು ಹಾಕಿದೆ. ಸಂದೇಹವಿದ್ದರೆ ಅದರ ಲಾಭ ಎದುರಾಳಿಗೆ. ಹೊರಗೆಂದು ಖಚಿತವಾಗಿ ಕಂಡರೆ ಮಾತ್ರ ಹೊರಗೆ, ಕಾಣದಿದ್ದರೆ ಒಳಗೆ. ಚೆಂಡಿನ ನೂರರಲ್ಲಿ ತೊಂಬತ್ತೊಂಬತ್ತು ಪಾಲು ಆಚೆಯಿದ್ದು ಒಂದು ಪಾಲು ಗೆರೆ ಸೋಕಿದ್ದರೂ ಅದು ಪೂರ್ತಿಯಾಗಿ ಒಳಗೆ. ಅಮೆರಿಕದಲ್ಲಿ ಕರ್ನಲ್ ನಿಕೋಲಸ್ ಪಾವೆಲ್ ಎಂಬುವರು ಅಂಪೈರ್ ಇಲ್ಲದ ಪಂದ್ಯಗಳಿಗಾಗಿಯೇ ಒಂದು ಸಂಹಿತೆ ಬರೆದರು, ಅದರ ಜೀವಾಳವೂ ಇದೇ.

ನಾವು ಬಹುಕಾಲ ಈ ನಿಯಮವನ್ನು ಸೌಜನ್ಯವೆಂದು ತಿಳಿದಿದ್ದೆವು. ಅದು ಬರಿಯ ಸೌಜನ್ಯವಲ್ಲ. 2008ರಲ್ಲಿ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಡೇವಿಡ್ ವಿಟ್ನಿ ಮತ್ತು ಸಂಗಡಿಗರು ವಿಂಬಲ್ಡನ್‌ನ ನಾಲ್ಕು ಸಾವಿರಕ್ಕೂ ಹೆಚ್ಚು ಪಾಯಿಂಟುಗಳನ್ನು ಪರಿಶೀಲಿಸಿ, ತೀರ್ಪುಗಾರರ ತಪ್ಪುಗಳನ್ನು ಬೇರ್ಪಡಿಸಿದರು. ಸಿಕ್ಕ 83 ತಪ್ಪುಗಳಲ್ಲಿ 70 ಒಂದೇ ಬಗೆಯವು: ಒಳಗೆ ಬಿದ್ದದ್ದನ್ನು ಹೊರಗೆಂದವು. ವೇಗವಾಗಿ ಚಲಿಸುವ ವಸ್ತುವನ್ನು ನಮ್ಮ ಮನಸ್ಸು ಅದು ಹೋಗುತ್ತಿರುವ ದಿಕ್ಕಿನಲ್ಲಿ ತುಸು ಮುಂದಕ್ಕೆ ತಳ್ಳಿ ನೋಡುತ್ತದಂತೆ. ಆದ್ದರಿಂದ ಗೆರೆ ಸೋಕಿದ ಚೆಂಡು ಪ್ರಾಮಾಣಿಕನ ಕಣ್ಣಿಗೂ ಹೊರಗೆ ಬಿದ್ದಂತೆ ಕಾಣಬಹುದು. ತರಬೇತಿ ಪಡೆದ ಕಣ್ಣುಗಳ ಗತಿಯೇ ಇದಾದರೆ, ಓಡುತ್ತ ಏದುಸಿರು ಬಿಡುತ್ತಿರುವ ಹನ್ನೆರಡು ವರ್ಷದ ಮಗುವಿನ ಪಾಡೇನು! ತಪ್ಪು "ಔಟ್" ಎಂದ ಮಕ್ಕಳೆಲ್ಲ ಸುಳ್ಳರಲ್ಲ, ಅವರಿಗೆ ಹಾಗೆ ಕಂಡಿರುತ್ತದೆ. ಸಂದೇಹದ ನಿಯಮ ಈ ಓರೆಯನ್ನು ವಿಜ್ಞಾನ ಪತ್ತೆಮಾಡುವ ಮೊದಲೇ ತಿದ್ದಿಟ್ಟಿತ್ತು.

ನಾವು ಎಳೆಯರಾಗಿದ್ದಾಗ ಆಡಿದ್ದು ಮೈಸೂರಿನ ಮಣ್ಣಿನ ಅಂಕಣದಲ್ಲಿ. ಅಲ್ಲಿ ಚೆಂಡು ಬಿದ್ದ ಕಡೆ ಗುರುತು ಉಳಿಯುತ್ತಿತ್ತು. ಜಗಳವಾದರೆ ಇಬ್ಬರೂ ಹೋಗಿ ಬಗ್ಗಿ ನೋಡುತ್ತಿದ್ದೆವು. ಮಣ್ಣೇ ಸಾಕ್ಷಿ. ಪಂದ್ಯಾವಳಿಯ ಮಣ್ಣಿನ ಅಂಕಣಕ್ಕೆ ಇಂದಿಗೂ ಒಂದು ಸೊಗಸಾದ ನಿಯಮವಿದೆ: ಗುರುತನ್ನು ಕಾಲಿನಿಂದ ಒರಸಿದವನು ವಾದವನ್ನು ಬಿಟ್ಟುಕೊಟ್ಟಂತೆ. ಇಲ್ಲಿನ ಅನೇಕ ಕ್ಲಬ್ಬುಗಳಲ್ಲಿರುವುದು ಮರಳು ಹರಡಿದ ಕೃತಕ ಹುಲ್ಲು. ಅದರ ಮೇಲೆ ಏನೂ ಉಳಿಯುವುದಿಲ್ಲ. ಸಾಕ್ಷಿಯಿಲ್ಲದ ನೆಲದಲ್ಲಿ ಮಾತೊಂದೇ ಆಧಾರ. ಹೊಸ ನಾಡಿಗೆ ಬಂದ ಮನೆತನಗಳ ಮಕ್ಕಳಿಗೆ ಇದರ ಭಾರ ಸ್ವಲ್ಪ ಹೆಚ್ಚು. ಒಮ್ಮೆ "ಆ ಹುಡುಗ ಸುಳ್ಳು ಕರೆಯುತ್ತಾನೆ" ಎಂಬ ಮಾತು ಹುಟ್ಟಿದರೆ ಅದು ಹುಡುಗನ ಹೆಸರಿಗೆ ಮಾತ್ರ ಅಂಟುವುದಿಲ್ಲವೆಂದು ತಾಯಂದಿರು ಹೆದರುವುದನ್ನು ಕೇಳಿದ್ದೇವೆ.

ಜಗಳವಾದಾಗ ಮಾಡಬೇಕಾದದ್ದೇನು ಎಂಬುದನ್ನು ಚುಟುಕಾಗಿ ಹೇಳಿಬಿಡುತ್ತೇವೆ. ಅಂಪೈರ್ ಇಲ್ಲದ ಪಂದ್ಯದಲ್ಲಿ "ಔಟ್" ಎಂದ ಮೇಲೆ ಅದು ಒಳಗಿತ್ತೆಂದು ಅರಿವಾದರೆ ತಾನೇ ತಿದ್ದಿಕೊಳ್ಳಬೇಕು. ಮೊದಲ ಸಲ ಪಾಯಿಂಟನ್ನು ಮರಳಿ ಆಡುತ್ತಾರೆ, ಎದುರಾಳಿಯದು ಗೆಲುವಿನ ಹೊಡೆತವಾಗಿದ್ದರೆ ಅಥವಾ ಎರಡನೆಯ ಸಲವೂ ಹೀಗಾದರೆ ಪಾಯಿಂಟು ಕಳೆದುಹೋಗುತ್ತದೆ. ಅಂಕ ಮರೆತುಹೋದರೆ ಅದಕ್ಕೊಂದು ಲೆಕ್ಕವಿದೆ. ಒಬ್ಬಳು 40-30 ಎನ್ನುತ್ತಾಳೆ, ಇನ್ನೊಬ್ಬಳು 30-40 ಎನ್ನುತ್ತಾಳೆ. ಇಬ್ಬರೂ ತಲಾ ಎರಡು ಪಾಯಿಂಟು ಗೆದ್ದಿದ್ದಾರೆಂಬುದರಲ್ಲಿ ಜಗಳವಿಲ್ಲ. ಜಗಳ ಒಂದೇ ಪಾಯಿಂಟಿನದು. ಅದನ್ನು ಬಿಟ್ಟು 30-30ರಿಂದ ಮುಂದುವರಿಯಬೇಕು. ಒಪ್ಪಿದ್ದನ್ನು ಉಳಿಸಿಕೊಂಡು ಒಪ್ಪದ್ದನ್ನು ಮಾತ್ರ ಮತ್ತೆ ಆಡುವ ಈ ಉಪಾಯವನ್ನು ಅಣ್ಣತಮ್ಮಂದಿರ ಆಸ್ತಿ ವಿಭಾಗದಲ್ಲಿಯೂ ಬಳಸಬಹುದಿತ್ತೆಂದು ನಮಗೆ ಅನ್ನಿಸಿದ್ದುಂಟು. ಇದಕ್ಕೂ ಬಗ್ಗದಿದ್ದರೆ ರೆಫರಿಯನ್ನು ಕರೆಯಬೇಕು. ಕಂಡದ್ದರ ಬಗ್ಗೆ ಅಂಪೈರ್‌ನ ಮಾತೇ ಕೊನೆ, ನಿಯಮದ ಬಗ್ಗೆ ರೆಫರಿಯ ಮಾತೇ ಕೊನೆ. ರೆಫರಿ ಬಂದು, ತಾನು ಕಾಣದ ಚೆಂಡಿನ ಬಗ್ಗೆ ಹೇಳುವಂತಿಲ್ಲ.

ಬೇಲಿಯ ಬಳಿಯ ನಮಗೆ ಇದರಲ್ಲಿ ಯಾವ ಪಾತ್ರವೂ ಇಲ್ಲ. ಹೊರಗಿನಿಂದ ಆಟದ ಸಲಹೆ ಕೊಡುವ ಬಗ್ಗೆ ಅಂತಾರಾಷ್ಟ್ರೀಯ ನಿಯಮ 2025ರಿಂದ ಸಡಿಲವಾಗಿದೆ, ಅದನ್ನು ಒಪ್ಪುವುದು ಬಿಡುವುದು ಸಂಘಟಕರಿಗೆ ಸೇರಿದ್ದು. ಗೆರೆಯ ಬಗ್ಗೆ ಕೂಗುವ ಹಕ್ಕು ಮಾತ್ರ ಯಾವ ಕಾಲದಲ್ಲಿಯೂ ನಮಗಿರಲಿಲ್ಲ. ಹಾಗೆ ನೋಡಿದರೆ, ಅರವತ್ತು ಅಡಿ ದೂರದಿಂದ, ಜಾಲರಿಯ ಸಂದಿಯಿಂದ, ಸ್ವಂತ ಮಗುವಿನ ಪಂದ್ಯ ನೋಡುವವರಿಗಿಂತ ಕೆಟ್ಟ ಸಾಕ್ಷಿ ಇನ್ನಾರಿದ್ದಾರೆ?

ಇಷ್ಟು ಹೇಳಿದ ಮೇಲೆ ನಮ್ಮದೇ ಒಂದು ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. ಕೆಲವು ವರ್ಷಗಳ ಹಿಂದೆ ಕಿರಿಯರ ಪಂದ್ಯಗಳ ದಿನ, ಅಂಕಣಗಳ ನಡುವೆ ಓಡಾಡಿಕೊಂಡು ಮೇಲ್ವಿಚಾರಣೆ ನಡೆಸಲು ಜನ ಸಾಲದೆ ನಮ್ಮನ್ನು ನಿಲ್ಲಿಸಿದ್ದರು. ಒಂದು ಅಂಕಣದಲ್ಲಿ ಆಡುತ್ತಿದ್ದವಳು ನಮಗೆ ಪರಿಚಿತ ಕನ್ನಡ ಮನೆತನದ ಹುಡುಗಿ. ಎದುರಾಳಿಯ ಹೊಡೆತ ಆಕೆಯ ಪಕ್ಕದ ಗೆರೆಯ ಬಳಿ ಬಿತ್ತು. ಆಕೆ ತಡಮಾಡದೆ "ಔಟ್" ಎಂದು ಬೆರಳೆತ್ತಿದಳು. ಎದುರಾಳಿ ನಮ್ಮತ್ತ ನೋಡಿದಳು. ಆ ಕ್ಷಣದಲ್ಲಿ ನಮ್ಮ ಗಮನ ಪಕ್ಕದ ಅಂಕಣದ ಮೇಲಿತ್ತು. ಚೆಂಡು ಬಿದ್ದದ್ದನ್ನು ನಾವು ಕಂಡಿರಲಿಲ್ಲ. ಬೇಲಿಯ ಬಳಿ ಆ ಹುಡುಗಿಯ ತಂದೆ ನಿಂತಿದ್ದರು, ಎದುರಾಳಿಯ ತಂದೆಯೂ ನಿಂತಿದ್ದರು. ನಮ್ಮವಳ ಪರ ನಿಂತರೆಂದು ಯಾರೂ ಹೇಳಬಾರದೆಂಬ ಒಂದೇ ಯೋಚನೆ ನಮ್ಮ ತಲೆಯಲ್ಲಿ ಓಡಿತು. "ಒಳಗೆ" ಎಂದೆವು.

ಆಕೆ ವಾದಿಸಲಿಲ್ಲ. ನಮ್ಮನ್ನು ಒಮ್ಮೆ ನೋಡಿ, ಚೆಂಡನ್ನು ಎದುರಾಳಿಯತ್ತ ಹೊಡೆದು, ತನ್ನ ಜಾಗಕ್ಕೆ ಹೋದಳು. ಆ ಗೇಮು ಹೋಯಿತು, ಅದರ ಹಿಂದೆ ಸೆಟ್ಟೂ ಹೋಯಿತು. ನಮ್ಮ ನಿಷ್ಪಕ್ಷಪಾತವನ್ನು ಎದುರಾಳಿಯ ತಂದೆ ಕೈಕುಲುಕಿ ಮೆಚ್ಚಿದರು. ಕೆಲವು ದಿನಗಳ ಮೇಲೆ ಅವರ ಮನೆಯಲ್ಲಿ ಊಟಕ್ಕೆ ಕುಳಿತಿದ್ದಾಗ ಹುಡುಗಿ ಅನ್ನದ ಪಾತ್ರೆ ಹಿಡಿದು ಬಂದು ಕೇಳಿದಳು: "ಅಂಕಲ್, ಆ ಚೆಂಡನ್ನು ನೀವು ನಿಜವಾಗಿ ನೋಡಿದಿರಾ?"

"ಇಲ್ಲ" ಎಂದೆವು.

"ನಾನು ನೋಡಿದ್ದೆ" ಎಂದಳು. ಅಷ್ಟೆ. ಬಡಿಸಿ ಒಳಗೆ ಹೋದಳು.

ಪಕ್ಷಪಾತವೆಂದರೆ ನಮ್ಮವರ ಕಡೆಗೆ ವಾಲುವುದೆಂದಷ್ಟೇ ನಾವು ತಿಳಿದಿದ್ದೆವು. ನಮ್ಮವರಿಂದ ದೂರ ವಾಲಿದರೂ ಅದು ವಾಲುವುದೇ. ಸ್ಪಷ್ಟ ತಪ್ಪನ್ನು ಕಣ್ಣಾರೆ ಕಂಡಾಗ ಮಾತ್ರ ಆಟಗಾರರ ಕರೆಯನ್ನು ಬದಲಿಸಬೇಕೆಂದು ನಿಯಮವಿರುವುದು ನಮಗೆ ತಿಳಿಯದ್ದೇನಲ್ಲ. ಆಕೆಯ ತಂದೆತಾಯಿಗಳ ಎದುರಿಗೆ ಕ್ಷಮೆ ಕೇಳಿದೆವು. ಅವರು, "ಬಿಡಿ, ಮಕ್ಕಳಾಟ" ಎಂದರು. ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ನಮ್ಮ ದೊಡ್ಡವರ ಔದಾರ್ಯ ಅದು. ಮಕ್ಕಳಿಗೆ ಆಟವೇ ಲೆಕ್ಕ. ಆ ಹುಡುಗಿ ಎರಡು ತಿಂಗಳು ನಮ್ಮೊಡನೆ ಮಾತು ಕಡಿಮೆ ಮಾಡಿದ್ದಳು.

ಕಳೆದ ಬೇಸಿಗೆಯಲ್ಲಿ ಆಕೆಯ ಪಂದ್ಯವೊಂದರ ಬಳಿ ಮತ್ತೆ ನಿಲ್ಲುವ ಸಂದರ್ಭ ಬಂತು. ಈಗ ಆಕೆ ನಮಗಿಂತ ಎತ್ತರ. ಬಹುತೇಕ ಹಿಂದಿನಂಥದೇ ಚೆಂಡು, ಪಕ್ಕದ ಗೆರೆ, ಸಂಜೆಯ ಬಿಸಿಲು ಎದುರಿಗೆ. "ಔಟ್" ಎಂದಳು. ಎದುರಾಳಿ ನಮ್ಮತ್ತ ತಿರುಗಿದಳು. "ನಾವು ನೋಡಲಿಲ್ಲ, ಅದು ಆಕೆಯ ಬದಿಯ ಗೆರೆ" ಎಂದೆವು. ಎದುರಾಳಿ ಬಲೆಯ ಬಳಿಗೆ ಬಂದು, "ಖಚಿತವೇ?" ಎಂದು ಆಕೆಯನ್ನೇ ಕೇಳಿದಳು. ಹುಡುಗಿ ಗೆರೆಯನ್ನು ನೋಡಿದಳು, ಕೃತಕ ಹುಲ್ಲಿನ ಮೇಲೆ ಏನಿರುತ್ತದೆ ನೋಡಲು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಸ್ವಲ್ಪ ಹೊತ್ತು ನಿಂತು, "ಇಲ್ಲ, ಖಚಿತವಿಲ್ಲ. ಪಾಯಿಂಟು ನಿನ್ನದು" ಎಂದಳು. 15-40 ಆಯಿತು. ಮುಂದಿನ ಸರ್ವಿಸ್‌ಗೆ ಆಕೆ ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದಂತೆ ಮೂರನೆಯ ಅಂಕಣದಿಂದ ಯಾರೋ ಕೈಯೆತ್ತಿ ನಮ್ಮನ್ನು ಕರೆದರು; ಅಲ್ಲಿ ಇಬ್ಬರು ಹುಡುಗರಿಗೆ ಅಂಕ ಮರೆತುಹೋಗಿತ್ತು.